ಕೊಟ್ಟಿಗೆಯಲ್ಲಿ ಫುಲ್ ಸಿಗ್ನಲ್

1895ರಲ್ಲಿ ಜಗದೀಶಚಂದ್ರ ಬೋಸರು ಕೋಲ್ಕತ್ತಾದ ಟೌನ್ ಹಾಲಿನಲ್ಲಿ ಒಂದು ಪ್ರಯೋಗ ತೋರಿಸಿದರು. ಅವರ ಯಂತ್ರದಿಂದ ಹೊರಟ ಕಣ್ಣಿಗೆ ಕಾಣದ ತರಂಗಗಳು ಗೋಡೆ ದಾಟಿ, ನಡುವೆ ಆಸೀನರಾಗಿದ್ದ ಬಂಗಾಳದ ಲೆಫ್ಟಿನೆಂಟ್ ಗವರ್ನರರ ದೇಹವನ್ನೂ ದಾಟಿ, ಆಚೆ ಕಡೆ ಗಂಟೆ ಬಾರಿಸಿ ಮದ್ದು ಸಿಡಿಸಿದವು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಪ್ರತಿ ವರ್ಷವೂ ಈ ಕಥೆಯನ್ನು, ಗವರ್ನರರ ಹೊಟ್ಟೆಯ ಸುತ್ತಳತೆಯನ್ನು ಕೈಯಲ್ಲೇ ತೋರಿಸಿ, ತಪ್ಪದೆ ಹೇಳಿಕೊಂಡು ಬಂದವನು. ಸುತ್ತಳತೆ ಮಾತ್ರ ನನ್ನ ಸೇರ್ಪಡೆ. ಬೋಸರ ಮೇಲೆ ನನಗೆ ಈಗಲೂ ಅಷ್ಟೇ ಗೌರವ. ಆದರೆ ಪಾಪ, ಅವರು ತೀರ್ಥಹಳ್ಳಿ ಕಡೆಯ ಹಳೇ ಮನೆಯ ನಡುಗೋಡೆಯನ್ನು ಕಂಡವರಲ್ಲ.

ನಮ್ಮದು ಅಜ್ಜ ಕಟ್ಟಿಸಿದ ಗೋಡೆ. ಮಣ್ಣು ತುಳಿದು ಹದ ಮಾಡಿ ಎಬ್ಬಿಸಿದ್ದು. ಅದರ ಗೂಡಿನಲ್ಲಿ ದೀಪ, ಪಂಚಾಂಗ, ಅಜ್ಜಿಯ ಎಲೆಯಡಿಕೆ ತಟ್ಟೆ ಮೂರೂ ಒಂದರ ಹಿಂದೊಂದು ಕೂರುತ್ತಿದ್ದವು ಎಂದರೆ ದಪ್ಪ ನೀವೇ ಅಂದಾಜು ಮಾಡಿ. ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಬೆಚ್ಚಗೆ ಎಂದು ಬಂದ ನೆಂಟರೆದುರೆಲ್ಲ ಅದರ ಗುಣಗಾನ ಮಾಡುತ್ತಿದ್ದೆವು. ಯಾವುದನ್ನೂ ಆಚೆ ಬಿಡದ ಆ ಗುಣ ವೈಫೈಗೂ ಅನ್ವಯಿಸೀತು ಎಂದು ಅಜ್ಜನಾದರೂ ಹೇಗೆ ಊಹಿಸಬೇಕು?

ವೈಫೈ ಬೇಕಾಗಿದ್ದು ನನಗಲ್ಲ, ಮಗಳಿಗೆ. 2020ರ ಮಾರ್ಚಿನಲ್ಲಿ ಊರೂರಿಗೆ ಬೀಗ ಬೀಳುವ ಮುಂಚೆ ಅವಳು ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಬಂದಳು. ಶುರುವಿಗೆ ಅವಳ ಆಫೀಸು ನಡೆದದ್ದು ಮನೆ ಹಿಂದಿನ ಗುಡ್ಡದ ಮೇಲೆ. ಆ ವರ್ಷ ಮಲೆನಾಡಿನಲ್ಲಿ ಫೋನು ಹಿಡಿದು ಗುಡ್ಡ ಹತ್ತದ ಮಕ್ಕಳೇ ಇರಲಿಲ್ಲ. ತಾಡಪಾಲು ಕಟ್ಟಿಕೊಂಡು ಅಲ್ಲೇ ಪಾಠ ಕೇಳಿದವರಿದ್ದಾರೆ. ಇವಳು ಗೇರುಮರದ ಬುಡದಲ್ಲಿ ಕಂಬಳಿ ಹಾಸಿ, ಫೋನನ್ನು ಕೊಂಬೆಗೆ ಕಟ್ಟಿ, ಸಂಜೆಗೆ ಇಳಿಯುವಾಗ ಕಾಲಿನ ತುಂಬ ಉಣುಗು ಹತ್ತಿಸಿಕೊಂಡು ಬರುತ್ತಿದ್ದಳು. ಊರವರಿಗೆ ಆಗ ಕೊರೊನಾದ ಭಯ. ನನ್ನ ಹೆಂಡತಿಗೆ ಅದಕ್ಕಿಂತ ಹಳೆಯ ಭಯ: 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದು ಇದೇ ಉಣುಗಿನಿಂದ. ಗುಡ್ಡದ ಆಫೀಸಿಗೆ ಅವಳು ಶಾಶ್ವತ ಬೀಗ ಜಡಿದಳು. ‘ವಿಜ್ಞಾನದ ಮೇಷ್ಟ್ರಲ್ವಾ? ಎಂತದಾದ್ರೂ ಮಾಡಿ’ ಎಂದಳು ನನಗೆ.

ಅಷ್ಟು ಸಾಕಾಯಿತು. ಪೇಟೆಯ ಕೇಬಲ್ಲಿನವರು ನಮ್ಮ ಕಡೆಗೂ ಫೈಬರ್ ಎಳೆಯುತ್ತಿದ್ದರು. ಕಂಬ ಸಿಕ್ಕಲ್ಲಿ ಕಂಬ, ಸಿಗದಲ್ಲಿ ಅಡಿಕೆ ಮರ. ಲಾಕ್‌ಡೌನ್ ಸ್ವಲ್ಪ ಸಡಿಲವಾದದ್ದೇ ಒಬ್ಬ ಹುಡುಗ ಬೈಕಿನಲ್ಲಿ ಸುರುಳಿ ಹೊತ್ತು ಬಂದ. ಮಾಸ್ಕ್ ಇಳಿಸಿ ಮುಖ ತೋರಿಸಿ ಕೈಮುಗಿದ. ನನ್ನ ಶಿಷ್ಯ! ಬೆಳಕಿನ ಪಾಠದ ಹೊತ್ತಿನಲ್ಲಿ ಕಿಟಕಿಯಾಚೆ ನೋಡಿದ್ದಕ್ಕೆ ನನ್ನಿಂದ ಬೆಂಚು ಹತ್ತಿಸಿಕೊಂಡವನು.

ಇಲ್ಲಿಂದ ಮುಂದಿನ ಅನಾಹುತಗಳಿಗೆಲ್ಲ ಮೂಲ ಯಾವುದೆಂದು ಕೇಳಿದರೆ ನಾನು ರೂಟರಿನ ಕಡೆಗೆ ಬೆರಳು ತೋರಿಸುವುದಿಲ್ಲ. ಆ ಹುಡುಗನ ಗುರುಭಕ್ತಿಯ ಕಡೆಗೆ ತೋರಿಸುತ್ತೇನೆ. ಊರಿನ ಎಲೆಕ್ಟ್ರಿಷಿಯನ್, ಗಾರೆಯವನು, ಲೈನ್‌ಮನ್, ಸೊಸೈಟಿಯ ಗುಮಾಸ್ತ, ಎಲ್ಲರೂ ನನ್ನ ಕೈಕೆಳಗೆ ಕಲಿತವರೇ. ಮೇಷ್ಟ್ರು ಹೇಳಿದ್ದಕ್ಕೆ ಇಲ್ಲ ಎನ್ನುವವನು ಹತ್ತು ಮೈಲಿ ಸುತ್ತಿನಲ್ಲಿ ಒಬ್ಬನೂ ಇಲ್ಲ. ಇದನ್ನು ನಾನು ಅಲ್ಲಿಯವರೆಗೆ ನನ್ನ ಜೀವಮಾನದ ಸಂಪಾದನೆ ಅಂದುಕೊಂಡಿದ್ದೆ.

‘ಪೆಟ್ಟಿಗೆ ಎಲ್ಲಿ ಇಡೋಣ ಸಾ?’

‘ಜಗಲಿಯಲ್ಲಿ, ಟಿವಿ ಪಕ್ಕ.’

ಅವನು ಮೇಲೆ ನೋಡಿದ. ಮಗಳು ಕೂರುವುದು ಮೆತ್ತಿನ ಮೇಲಿನ ಹಿಂಬದಿಯ ಕೋಣೆಯಲ್ಲಿ. ನಡುವೆ ಅಜ್ಜನ ಗೋಡೆ, ಅದಕ್ಕೆ ಒರಗಿಸಿದ ಕಬ್ಬಿಣದ ಬೀರು, ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಏನೋ ಹೇಳಲು ಬಾಯಿ ತೆರೆದ. ನಾನು ‘ಎಂತದಾ?’ ಎಂದೆ. ‘ಎಂತಿಲ್ಲ ಸಾ’ ಎಂದು ಜಗಲಿಯಲ್ಲೇ ಮೊಳೆ ಹೊಡೆದ.

ಫೈಬರ್ ಅನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದ್ದು ಅವತ್ತು. ಕಪ್ಪು ಹೊದಿಕೆ, ಬಲಕ್ಕೆಂದು ಜೊತೆಗೊಂದು ಉಕ್ಕಿನ ತಂತಿ, ಒಳಗೆ ಕೂದಲಿನಷ್ಟು ಗಾಜಿನ ಎಳೆ. ಬೆಳಕು ಹೋಗುವ ತಿರುಳು ಅದಕ್ಕಿಂತಲೂ ಸಪೂರ, ಒಂಬತ್ತು ಮೈಕ್ರಾನ್ ಆಸುಪಾಸು. ಹುಡುಗನಿಗೆ ಅಲ್ಲೇ ನಿಂತು ಪೂರ್ಣ ಆಂತರಿಕ ಪ್ರತಿಫಲನದ ಪಾಠ ಮಾಡಿದೆ. ಬೆಳಕು ಗಾಜಿನ ಅಂಚಿಗೆ ಓರೆಯಾಗಿ ಬಡಿದರೆ ಹೊರಗೆ ಹೋಗದೆ ಒಳಗೇ ಪುಟಿಯುತ್ತದೆ. ಕೋನ ಕ್ರಾಂತಿಕೋನಕ್ಕಿಂತ ಹೆಚ್ಚಿರಬೇಕು ಅಷ್ಟೆ. ಅವನು ಈ ಬಾರಿ ಕಿಟಕಿಯಾಚೆ ನೋಡದೆ ತಲೆಯಾಡಿಸಿದ. ಪಾಠ ಮುಗಿಸಿದ ಹುರುಪಿನಲ್ಲಿ ನಾನೇ ಉಳಿದ ಕೇಬಲನ್ನು ಬಾಗಿಲ ಚೌಕಟ್ಟಿನ ಮೂಲೆಗೆ ಒತ್ತಿ, ಚೂಪಾಗಿ ಮಡಚಿ, ಬಟ್ಟೆ ಒಣಗಿಸುವ ಹಗ್ಗ ಕಟ್ಟುವ ಮೊಳೆಗೆ ಎರಡು ಸುತ್ತು ಸುತ್ತಿ ಬಿಗಿದೆ. ನೋಡಲು ಅಚ್ಚುಕಟ್ಟಾಗಿತ್ತು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿಣುಕತೊಡಗಿತು.

ಫೈಬರ್ ಅತಿಯಾಗಿ ಬಾಗಿದರೆ ಬೆಳಕು ಅಂಚಿಗೆ ಬಡಿಯುವ ಕೋನ ಬದಲಾಗಿ ಆಚೆ ಸೋರಿಹೋಗುತ್ತದೆ. ಐದು ನಿಮಿಷದ ಹಿಂದೆ ನಾನು ಪಾಠ ಮಾಡಿದ್ದೂ ಅದನ್ನೇ. ಆ ಕೆಂಪು ದೀಪದ ಎದುರು ಗುರುಶಿಷ್ಯರಿಬ್ಬರೂ ಬಹಳ ಹೊತ್ತು ಕೂತೆವು. ನಾನು ಪೇಟೆಯ ಕಡೆ ಲೈನು ಹೋಗಿರಬೇಕು ಎಂದೆ. ಅವನು ಪೇಟೆಗೆ ಫೋನು ಮಾಡಿದ. ಮರದಲ್ಲಿ ಮಂಗ ಜೋತಿರಬೇಕು ಎಂದೆ. ಅವನು ತೋಟವೆಲ್ಲ ಸುತ್ತಿ ಬಂದ. ಕೊನೆಗೆ ನಾನು ಕಾಫಿ ಹೇಳಲು ಒಳಗೆ ಹೋಗಿ ಬರುವಷ್ಟರಲ್ಲಿ ದೀಪ ಹಸಿರಾಗಿತ್ತು. ‘ತನ್ನಷ್ಟಕ್ಕೇ ಬಂತು ಸಾ’ ಎಂದ. ಮೊಳೆಯ ಮೇಲಿನ ಸುತ್ತು ಸಡಿಲವಾಗಿ, ತಟ್ಟೆಯಗಲದ ಬಳೆಯಾಗಿ ನೇತಾಡುತ್ತಿತ್ತು.

ಇನ್ನು ಗಾಳಿಯ ಪಾಲು. ಪೆಟ್ಟಿಗೆಗೆ ಎರಡು ಕಪ್ಪು ಕೋಲು. ಮಗಳು ಮೆತ್ತಿನಿಂದ ‘ಅಪ್ಪಾ, ಒಂದೇ ಗೀಟು’ ಎಂದು ಕೂಗಿದಳು. ನಾನು ಕೋಲೆರಡನ್ನೂ ಓರೆ ಮಾಡಿ, ಅವುಗಳ ತುದಿ ನೇರ ಅವಳ ಕೋಣೆಗೆ ಗುರಿಯಾಗುವಂತೆ ನಿಲ್ಲಿಸಿದೆ. ಇದ್ದ ಒಂದು ಗೀಟೂ ಹೋಯಿತು. ಇನ್ನೂ ಕರಾರುವಾಕ್ಕಾಗಿ ಗುರಿಯಿಟ್ಟೆ. ಹುಡುಗನನ್ನು ಮೆತ್ತಿನ ಮೇಲೆ ಲಟ್ಟಣಿಗೆ ಹಿಡಿಸಿ ನಿಲ್ಲಿಸಿ, ದಾರ ಕಟ್ಟಿ ಕೋನ ಅಳೆದೆ. ಅವನು ಅಲುಗದೆ ನಿಂತ. ಅಸಲಿಗೆ ಇಂಥ ಆಂಟೆನಾದ ತುದಿಯಿಂದ ಏನೂ ಹೊರಡುವುದೇ ಇಲ್ಲ. ತರಂಗ ಹರಡುವುದು ಕೋಲಿನ ಪಕ್ಕಗಳಿಂದ. ಕೋಲಿಗೆ ಒಂದು ಉದ್ದಿನ ವಡೆ ಪೋಣಿಸಿದ್ದೀರಿ ಅಂದುಕೊಳ್ಳಿ, ತರಂಗದ ಹರವು ಆ ವಡೆಯ ಆಕಾರ. ಮಗಳಿಗೆ ನಾನು ದಾರ ಹಿಡಿದು ಅಳೆದು ಗುರಿಯಿಟ್ಟು ಕಳಿಸುತ್ತಿದ್ದದ್ದು ವಡೆಯ ತೂತನ್ನು.

ಆಮೇಲೆ ಲ್ಯಾಪ್‌ಟಾಪಿನಲ್ಲಿ ನಮ್ಮ ಮನೆಯದೇ ಎರಡು ಹೆಸರು ಕಾಣಿಸುತ್ತಿವೆ ಎಂದಳು. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5. ಯಾವುದಕ್ಕೆ ಸೇರಲಿ? ಇದು ನನ್ನ ಗದ್ದೆಯೊಳಗೇ ಬಂದು ಬಿದ್ದ ಪ್ರಶ್ನೆ. ಆವೃತ್ತಿ ಹೆಚ್ಚಿದಷ್ಟೂ ಶಕ್ತಿ ಹೆಚ್ಚು. ಎಕ್ಸ್‌ರೇಯನ್ನೇ ನೋಡು, ಮಾಂಸ ದಾಟಿ ಮೂಳೆ ತೋರಿಸುತ್ತದೆ. ಹಾಗಾಗಿ ಐದು. ತರ್ಕದಲ್ಲಿ ಲೋಪ ಹುಡುಕಿ ನೋಡೋಣ! ಗೋಡೆ ಹುಡುಕಿತು. ಈ ವ್ಯಾಪ್ತಿಯ ತರಂಗಗಳಲ್ಲಿ ಲೆಕ್ಕ ಉಲ್ಟಾ: 2.4ರ ತರಂಗ ಹನ್ನೆರಡೂವರೆ ಸೆಂಟಿಮೀಟರ್ ಉದ್ದ, ಅದು ಹೇಗೋ ಗೋಡೆಯೊಳಗೆ ತಡವರಿಸಿಕೊಂಡು ಆಚೆ ಹೋಗುತ್ತದೆ. 5ರದ್ದು ಅದರ ಅರ್ಧಕ್ಕೂ ಕಡಿಮೆ, ಓಟದಲ್ಲಿ ಚುರುಕು, ಗೋಡೆ ಕಂಡರೆ ಸುಸ್ತು. ಅದರ ಮೇಲೆ ಮಳೆ ಶುರುವಾಗಿ ಮಣ್ಣಿನ ಗೋಡೆ ನೀರು ಕುಡಿದು ಕೂತಿತ್ತು. ನೀರು ಮೈಕ್ರೊವೇವ್ ಒಲೆಯೊಳಗೆ ಮಾಡುವ ಕೆಲಸವನ್ನೇ ನಮ್ಮ ಗೋಡೆಯೊಳಗೂ ಮಾಡಿತು, ತರಂಗವನ್ನು ನುಂಗಿತು. ಗೋಡೆ ಮಾತ್ರ ಬಿಸಿಯಾಗಲಿಲ್ಲ. ಆಗಿದ್ದರೆ ಆ ಮಳೆಗಾಲದಲ್ಲಿ ಹೆಂಡತಿಯ ಸೀರೆಗಳಾದರೂ ಒಣಗುತ್ತಿದ್ದವು.

ಸಿಗ್ನಲ್ ಎಲ್ಲಿ ಹೋಗುತ್ತಿದೆ ಎಂದು ಹುಡುಕಲು ಫೋನು ಹಿಡಿದು ಮನೆಯೆಲ್ಲ ತಿರುಗಿದೆ. ಊಟದ ಮನೆಯಲ್ಲಿ ಎರಡು ಗೀಟು. ಬಚ್ಚಲಿನ ಬಾಗಿಲಲ್ಲಿ ಮೂರು, ಒಳಗೆ ಹಂಡೆಯ ಹಿಂದೆ ಸೊನ್ನೆ. ಹಿತ್ತಿಲ ಬಾಗಿಲು ದಾಟಿ ಕೊಟ್ಟಿಗೆಗೆ ಹೋದರೆ ಪೂರ್ತಿ ನಾಲ್ಕು! ಕಾರಣ ಸರಳ. ಅಜ್ಜ ಮುಂಬಾಗಿಲು, ನಡುಬಾಗಿಲು, ಹಿಂಬಾಗಿಲು ಮೂರನ್ನೂ ಒಂದೇ ಸಾಲಿಗೆ ಇಡಿಸಿದ್ದ. ಜಗಲಿಯಲ್ಲಿ ನಿಂತರೆ ಕೊಟ್ಟಿಗೆಯ ಹಸು ಕಾಣಬೇಕು ಎಂಬುದು ಅವನ ಆಸೆ. ರೂಟರಿಗೂ ಕಂಡಿತು. ಮನೆಯಲ್ಲಿ ಕಟ್ಟಿಹಾಕಿದ ಹಸುವಿಗೆ ಐದು ಗಿಗಾಹರ್ಟ್ಸ್, ಎಂಜಿನಿಯರಿಂಗ್ ಓದಿದ ಮಗಳಿಗೆ ಸುತ್ತುವ ಚಕ್ರ.

ಹೀಗಾಗಿ ಮಗಳ ಆಫೀಸು ಗುಡ್ಡದಿಂದ ಕೊಟ್ಟಿಗೆಗೆ ವರ್ಗವಾಯಿತು. ಹಿಂಡಿಯ ಡಬ್ಬದ ಮೇಲೆ ಲ್ಯಾಪ್‌ಟಾಪ್, ತಲೆ ಮೇಲೆ ದರಕಿನ ಅಟ್ಟ. ಒಂದು ದಿನ ಮೀಟಿಂಗಿನ ನಡುವೆ ಹಸು ಅವಳ ಭುಜದ ಮೇಲಿಂದ ಮೂತಿ ತೂರಿ ಪರದೆಯನ್ನು ಮೂಸಿತು. ಆಚೆ ಕಡೆಯ ಮ್ಯಾನೇಜರ್ ಈ ವರ್ಚುವಲ್ ಹಿನ್ನೆಲೆ ಎಲ್ಲಿ ಸಿಕ್ಕಿತು, ತನಗೂ ಕಳಿಸು ಎಂದರಂತೆ. ಇವಳು ಡೌನ್‌ಲೋಡ್ ಆಗುವುದಿಲ್ಲ, ಸರ್ವರ್ ಇಲ್ಲೇ ಕಟ್ಟಿಹಾಕಿದೆ ಎಂದು ಹೇಳಿ ಪಾರಾದಳು.

ಸಿಡಿಲಿನ ಪ್ರಸಂಗವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಹೆಂಡತಿ ಹೇಳಿದ್ದು ಸರಿಯಾಗಿತ್ತು. ನಮ್ಮ ಕಡೆ ಮುಂಗಾರಿಗೆ ಮುಂಚಿನ ಗುಡುಗು ಕೇಳಿದರೆ ಹೆಂಗಸರು ಒಂದೇ ಉಸಿರಿಗೆ ಟಿವಿ, ಫ್ರಿಜ್, ಮಿಕ್ಸಿ ಎಲ್ಲದರ ಪ್ಲಗ್ ಕೀಳುತ್ತಾರೆ. ಅವಳು ರೂಟರಿಗೆ ಕೈ ಹಾಕಿದಾಗ ನಾನು ತಡೆದೆ. ‘ಫೈಬರ್ ಅಂದರೆ ಗಾಜು. ಗಾಜು ವಿದ್ಯುತ್ ನಿರೋಧಕ. ಗಾಜಿನಲ್ಲಿ ಸಿಡಿಲು ಬಂದ ದಾಖಲೆ ಇದೆಯಾ?’ ಸಿಡಿಲು ನನ್ನ ಸಿದ್ಧಾಂತವನ್ನು ಪೂರ್ತಿ ಗೌರವಿಸಿತು. ಗಾಜನ್ನು ಮುಟ್ಟಲಿಲ್ಲ. ಮನೆಯ ಕರೆಂಟಿನ ತಂತಿಯಲ್ಲಿ ಬಂದು ಅಡಾಪ್ಟರನ್ನು ಸುಟ್ಟಿತು. ಕರಕಲು ವಾಸನೆಯ ನಡುವೆಯೂ ನಾನು ‘ಫೈಬರಿನಲ್ಲಿ ಬರಲಿಲ್ಲ ನೋಡು’ ಎಂದದ್ದು ನಿಜ. ಅವಳು ಬದಲು ಹೇಳಲಿಲ್ಲ. ಮರುದಿನ ಬಂದ ಹೊಸ ಅಡಾಪ್ಟರಿನ ಯಜಮಾನಿಕೆ ಮಾತ್ರ ತನ್ನ ಹೆಸರಿಗೆ ಮಾಡಿಕೊಂಡಳು.

ನೆಟ್‌ವರ್ಕಿಗೆ ಹೆಸರಿಡುವ ಶಾಸ್ತ್ರವೂ ಆಯಿತು. 192.168.1.1 ಎಂಬ ವಿಳಾಸಕ್ಕೆ ಹೋಗಿ, ಪೆಟ್ಟಿಗೆಯ ಹೊಟ್ಟೆಯಡಿಯ ಚೀಟಿಯನ್ನು ಭೂತಗನ್ನಡಿ ಹಿಡಿದು ಓದಿ, ಅಕ್ಷರ ಒತ್ತಿ ಒಳಗೆ ಹೊಕ್ಕೆ. ಕಂಪನಿ ಇಟ್ಟ ಹೆಸರು ಕೈದಿಯ ನಂಬರಿನ ಹಾಗಿತ್ತು. ಮನೆಯ ಹೆಸರನ್ನೇ ಕನ್ನಡದಲ್ಲಿ ಇಡೋಣ ಎಂದು ‘ಶ್ರೀ ಲಕ್ಷ್ಮೀನಿಲಯ’ ಬರೆದೆ. ಪೆಟ್ಟಿಗೆ ಒಪ್ಪಲಿಲ್ಲ. ಈ ಹೆಸರಿಗೆ ಇರುವ ಜಾಗ ಒಟ್ಟು 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ ಮೂಲಾಕ್ಷರ, ಕಾಗುಣಿತದ ಗುರುತು, ಒತ್ತಿಗೆ ಬೇಕಾದ ಅರ್ಧಾಕ್ಷರದ ಚಿಹ್ನೆ, ಪ್ರತಿಯೊಂದಕ್ಕೂ ಮೂರು ಮೂರು. ಒಂದು ‘ಶ್ರೀ’ಗೇ ಹನ್ನೆರಡು ಖರ್ಚು. ಲಕ್ಷ್ಮಿ ಬಂದು ಕೂರುವಷ್ಟರಲ್ಲಿ ಜಾಗ ತುಂಬಿ, ನಿಲಯ ಬೀದಿಯಲ್ಲಿ ನಿಂತಿತು. ಕೊನೆಗೆ ‘ಮನೆ’ ಎಂದಷ್ಟೇ ಇಟ್ಟೆ.

ಮೆತ್ತಿನ ಕೋಣೆಗೆ ಸಿಗ್ನಲ್ ತಲುಪಿದ್ದು ಹೇಗೆ ಎಂದರೆ, ತಂತಿಯಲ್ಲಿ. ತಂತಿಯಿಲ್ಲದ ಜಾಲಕ್ಕೆ ಮೀಟರುಗಟ್ಟಲೆ ತಂತಿ ಬೇಕಾಯಿತು. ಜಗಲಿಯ ಪೆಟ್ಟಿಗೆಯಿಂದ ಕೇಬಲ್ ಎಳೆದು, ಮೇಲೆ ಇನ್ನೊಂದು ರೂಟರ್ ಕೂರಿಸಬೇಕು. ಕೇಬಲ್ ಹೋಗಲು ಗೋಡೆಗೆ ತೂತು ಬೇಕು. ಗಾರೆಯವನು ಎಲ್ಲಿ ಕೊರೆಯಲಿ ಎಂದು ಕೇಳಿದ. ನಾನು ತ್ರಿಕೋನಮಿತಿಯಲ್ಲಿ ಲೆಕ್ಕ ಹಾಕಿ ಸುಣ್ಣದಲ್ಲಿ ಗುರುತು ಮಾಡಿಕೊಟ್ಟೆ. ಗೋಡೆ ಎಲ್ಲ ಕಡೆ ಒಂದೇ ದಪ್ಪ ಎಂಬುದು ನನ್ನ ಗೃಹೀತ. ಮಣ್ಣಿನ ಗೋಡೆ ಮೇಲೆ ಹೋದಂತೆ ಸಪೂರವಾಗುತ್ತದೆ ಎಂಬುದು ಗಾರೆಯವನ ಅನುಭವ. ಅವನು ಅನುಭವವನ್ನು ಬಾಯಿಬಿಡದೆ ನನ್ನ ಗುರುತಿನಲ್ಲೇ ಕೊರೆದ. ಉದ್ದನೆಯ ಬಿಟ್ಟು ಆಚೆ ಹೊರಟದ್ದು ದೇವರ ಗೂಡಿನಲ್ಲಿ, ಕುಲದೇವರ ಪಟದ ಕಿವಿಯ ಪಕ್ಕ. ಇವತ್ತಿಗೂ ನಮ್ಮ ಮನೆಯ ಇಂಟರ್‌ನೆಟ್ ದೇವರ ಹಿಂದಿನಿಂದಲೇ ಮೇಲೆ ಹತ್ತುತ್ತದೆ. ಮಂಗಳಾರತಿಯ ಹೊತ್ತಿಗೆ ಅದಕ್ಕೂ ಒಂದು ಸುತ್ತು ಆಗುತ್ತದೆ.

ಎರಡನೇ ರೂಟರ್ ಹಾಕಿದ ಮೇಲೆ ಇಡೀ ಮನೆಯ ನೆಟ್ ನಿಂತಿತು. ಇದ್ದದ್ದೂ ಹೋಯಿತು, ಕೊಟ್ಟಿಗೆ ಸಹಿತ. ಎರಡೂ ತಾನೇ 192.168.1.1 ಎನ್ನುತ್ತಿದ್ದವು. ಎರಡೂ ಬಂದವರಿಗೆಲ್ಲ ತಾನೇ ವಿಳಾಸ ಹಂಚುತ್ತೇನೆ ಎಂದು ಹಟಕ್ಕೆ ಬಿದ್ದಿದ್ದವು. ಮಗಳ ಲ್ಯಾಪ್‌ಟಾಪ್ ಯಾವ ಯಜಮಾನನ ಮಾತು ಕೇಳುವುದೆಂದು ತಿಳಿಯದೆ ಕಂಗಾಲಾಗಿತ್ತು. ನಾನು ಹಳೆಯ ನೋಟ್ಸ್ ತೆಗೆದು ತರಂಗಗಳ ವ್ಯತಿಕರಣ ಇರಬಹುದು ಎಂದು ಚಿತ್ರ ಬರೆಯತೊಡಗಿದೆ. ಹುಡುಗ ಎರಡು ಲೋಟ ಕಾಫಿ ಕುಡಿಯುವವರೆಗೆ ಆ ಚಿತ್ರ ನೋಡಿದ. ಆಮೇಲೆ ಮೆಲ್ಲಗೆ, ‘ಸಾ, ಮೇಲಿಂದರ ವಿಳಾಸ ಕೊನೆಗೆ ಎರಡು ಅಂತ ಮಾಡಿ, ವಿಳಾಸ ಹಂಚೋದನ್ನ ಆಫ್ ಮಾಡಿದ್ರೆ...’ ಎಂದ.

‘ನಿನಗೆ ಇದು ಗೊತ್ತಿತ್ತಾ?’

‘ಹ್ಞೂಂ ಸಾ.’

‘ಆಂಟೆನಾದ್ದು?’

‘ಅದೂ ಗೊತ್ತಿತ್ತು ಸಾ.’

‘ಲಟ್ಟಣಿಗೆ ಹಿಡಿದು ಯಾಕೆ ನಿಂತೆ ಮಾರಾಯ?’

‘ನೀವು ನಿಲ್ಲು ಅಂದ್ರಿ.’

ಬೆಂಚಿನ ಮೇಲೂ ಹೀಗೇ ನಿಂತಿದ್ದ.

ಇದಾದ ಮೇಲೆ ನನಗೆ ಉಳಿದ ಅಧಿಕಾರ ಒಂದೇ, ಪಾಸ್‌ವರ್ಡ್. ಕನಿಷ್ಠ ಎಂಟು ಅಕ್ಷರ ಬೇಕು ಎಂದಿತು ಪೆಟ್ಟಿಗೆ. ನಾನು ಬೆಳಕಿನ ವೇಗ ಇಟ್ಟೆ. ಮಗಳಿಗೆ ಹೇಳಿದೆ, ಹೆಂಡತಿಗೆ ಹೇಳಿದೆ. ಶಾಲೆ ಮುಚ್ಚಿ, ವಿದ್ಯಾಗಮ ಎಂದು ಮೇಷ್ಟ್ರುಗಳು ದೇವಸ್ಥಾನದ ಅಂಗಳದಲ್ಲಿ ಪಾಠ ಮಾಡುತ್ತಿದ್ದ ದಿನಗಳವು. ಅಕ್ಕಪಕ್ಕದ ಮಕ್ಕಳು ಅಮ್ಮಂದಿರ ಫೋನು ಹಿಡಿದು ಪಾಠದ ವಿಡಿಯೊ ನೋಡಲು ನಮ್ಮ ಜಗಲಿಗೆ ಬಂದರೆ ಅವರಿಗೂ ಅಷ್ಟೇ ಹೇಳಿದೆ: ‘ಬೆಳಕಿನ ವೇಗ, ಸೆಕೆಂಡಿಗೆ ಎಷ್ಟು ಮೀಟರ್? ಗೊತ್ತಿದ್ದವನಿಗೆ ವೈಫೈ.’ ಮಗಳು 299792458 ಒತ್ತಿದಳು. ಆಗಲಿಲ್ಲ. ಸರಿಯಾದ ಮೌಲ್ಯ ಅದೇ, 1983ರಿಂದ ಮೀಟರನ್ನೇ ಅದರ ಲೆಕ್ಕದಲ್ಲಿ ಅಳೆಯುತ್ತಾರೆ. ಅಪ್ಪ ತಪ್ಪು ಒತ್ತಿದ್ದಾನೆ, ಪೆಟ್ಟಿಗೆ ಕೆಟ್ಟಿದೆ, ಕೀಬೋರ್ಡ್ ಕೆಟ್ಟಿದೆ ಎಂದೆಲ್ಲ ಅವಳು ಮೆತ್ತಿನಲ್ಲಿ ಕಿರುಚುತ್ತಿರುವಾಗ, ಎಂಟನೇ ಕ್ಲಾಸಿನ ಪೋರನೊಬ್ಬ ಜಗಲಿಯಲ್ಲಿ ಆಗಲೇ ವಿಡಿಯೊ ನೋಡುತ್ತ ಕೂತಿದ್ದ. ಮೂರು ಬರೆದು ಎಂಟು ಸೊನ್ನೆ. ನಾನು ಜೀವಮಾನವಿಡೀ ಬೋರ್ಡಿನ ಮೇಲೆ ಬರೆದದ್ದು ಅದನ್ನೇ.

ಗುಟ್ಟು ಊರಿಗೆಲ್ಲ ಹಬ್ಬಿತು. ಜಗಲಿಯಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲದಾಯಿತು. ಪಾಠದ ಹೆಸರಿನಲ್ಲಿ ಕ್ರಿಕೆಟ್ಟಿನ ಹಳೇ ಮ್ಯಾಚುಗಳು, ಯಾರದೋ ಅಜ್ಜಿಗೆ ಯಕ್ಷಗಾನ. ಮಗಳ ಮೀಟಿಂಗಿನಲ್ಲಿ ಮ್ಯಾನೇಜರರ ಬಾಯಿ ತೆರೆದಲ್ಲೇ ನಿಲ್ಲತೊಡಗಿತು. ಪಾಸ್‌ವರ್ಡ್ ಬದಲಿಸಲೇಬೇಕು ಎಂದಳು. ರಾತ್ರಿ ಗುಟ್ಟಾಗಿ ಬದಲಿಸಿದೆ. ಬೆಳಿಗ್ಗೆ ಬೇಲಿಯಾಚೆಯಿಂದ ಆ ಪೋರನ ಕೂಗು.

‘ಸಾ, ಬೆಳಕಿನ ವೇಗ ಬದಲಾಯ್ತಾ?’

ಸುಮ್ಮನೆ ಹೌದು ಎಂದು ಒಳಗೆ ಹೋಗಬಹುದಿತ್ತು. ಆದರೆ ಪಾಠ ಕೇಳಿದ ಮಗುವಿಗೆ ತಪ್ಪು ಹೇಳಿ ಕಳಿಸಲು ನನ್ನಿಂದಾಗದು. ‘ವೇಗ ಬದಲಾಗೋದಿಲ್ಲ, ಮಾಧ್ಯಮ ಬದಲಾಗಿದೆ’ ಎಂದೆ. ಅವನು ಅಲ್ಲೇ ನಿಂತ. ‘ಎಂತ ಮಾಧ್ಯಮ ಸಾ?’ ಬಾಗಿಲಿಗೆ ಜೋತಿದ್ದ ಫೈಬರಿನ ಕಡೆ ನನ್ನ ಕಣ್ಣು ಹೋಗಿಬಿಟ್ಟಿತು. ‘ಗಾಜು. ವಕ್ರೀಭವನ ಸೂಚ್ಯಂಕ ಒಂದೂವರೆ ಅಂತ ಇಟ್ಕೊ.’

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಕೋಟಿ ಎಂಬ ಸಂಖ್ಯೆ ಕೇರಿಯ ಕೊನೆಯ ಮನೆಯವರೆಗೂ ಮುಟ್ಟಿತ್ತು. ಭಾಗಾಕಾರ ಬಾರದಿದ್ದವರೂ ಅವತ್ತು ಕಲಿತರು. ಮೆತ್ತಿನಿಂದ ಮಗಳು ‘ಅಪ್ಪಾ!’ ಎಂದು ಕೂಗಿದ್ದು ಕೇಳಿ ಜಗಲಿಯಲ್ಲಿದ್ದವರೆಲ್ಲ ಒಮ್ಮೆ ನನ್ನನ್ನೇ ನೋಡಿದರು. ಪೋರ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, ಲೆಕ್ಕದ ಪುಸ್ತಕದ ಹಿಂಬದಿ ತೋರಿಸಿದ.

‘ನಾಳೆ ನೀರಾ ಸಾ? ಒಂದು ಪಾಯಿಂಟ್ ಮೂರು ಮೂರು. ಇಪ್ಪತ್ತೆರಡು ಕೋಟಿ ಐವತ್ತೈದು ಲಕ್ಷದ ಮೇಲೆ ಬಂತು. ಚಿಲ್ಲರೆ ಪೂರ್ತಿ ಹಾಕ್ತೀರಾ, ಸೊನ್ನೆ ಮಾಡ್ತೀರಾ?’